ಅವ್ವನ ಚಪ್ಪಲಿ ಬಿಲ್ಲು

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ. ಬಸ್ಸಲ್ಲಿ ಒಬ್ಬರು ಆಡಿದ ಮಾತಿಗೆ ಅಲ್ಲೇ ಸರಿಯಾಗಿ ಉತ್ತರ ಕೊಡೋಕೆ ನನ್ನಿಂದ ಆಗ್ಲಿಲ್ಲ. ಒಂದು ವಾರದಿಂದ ಅದು ತಲೆಯಲ್ಲಿ ಕೊರೀತಾ ಇದೆ, ಅದಕ್ಕೇ ಬರೀತಿದ್ದೀನಿ.

2025ರ ನವೆಂಬರ್ 17, ಕಾರ್ತಿಕದ ಕಡೇ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಶುರುವಾದ ದಿನ. ಅವ್ವನನ್ನ ಕರ್ಕೊಂಡು ಹೋಗಿದ್ದೆ. ನಮ್ಮವ್ವ ಇಪ್ಪತ್ತೆರಡು ವರ್ಷ ಈ ಕಡೆಯ ರಸ್ತೆಗಳನ್ನ ಗುಡಿಸಿದವಳು. ಅವಳ ಪಾಲಿಗೆ ಪರಿಷೆ ಅಂದ್ರೆ ಬೆಳಗಿನ ಜಾವ ಬುಲ್ ಟೆಂಪಲ್ ರಸ್ತೆ ತುಂಬಾ ಪಾದ ಮುಳುಗುವಷ್ಟು ಬಿದ್ದಿರೋ ಸಿಪ್ಪೆ, ಜೋಳದ ದಿಂಡು, ಪ್ಲಾಸ್ಟಿಕ್ಕು. ಗುತ್ತಿಗೆ ಮೇಲೆ ಸೇರಿದಳು, ಗುತ್ತಿಗೆಯಲ್ಲೇ ಮುಗಿಸಿದಳು. ಅರವತ್ತು ತುಂಬಿದ ತಿಂಗಳು ಗುತ್ತಿಗೆದಾರ "ನಾಳೆಯಿಂದ ಬರಬೇಡಮ್ಮ" ಅಂದ, ಅಷ್ಟೇ ಬೀಳ್ಕೊಡುಗೆ. 2025ರ ಮೇ ದಿನದಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ಆದ ಪತ್ರ ಕೊಟ್ಟಾಗ ಅವ್ವ ಟಿವಿ ಮುಂದೆ ಕೂತು ಪರಿಚಯದ ಮುಖಗಳನ್ನ ಹುಡುಕ್ತಾ ಇದ್ದಳು. ಇಬ್ಬರು ಸಿಕ್ಕರು. ಅವತ್ತು ಮನೇಲಿ ಸ್ವೀಟು ತರಿಸಿದಳು.

ಇರಲಿ. ಪರಿಷೆಗೆ ನೋಡುವವಳಾಗಿ ಹೋಗಿದ್ದು ಇದೇ ಮೊದಲು. ಆ ಜನಜಂಗುಳಿಯಲ್ಲಿ ಯಾರೋ ಹಿಂದಿನಿಂದ ತುಳಿದು ಅವಳ ಚಪ್ಪಲಿ ಉಂಗುಷ್ಟ ಕಿತ್ತೋಯ್ತು. ಅಪ್ಪ ಇದ್ದಿದ್ರೆ ಅವತ್ತು ರಾತ್ರಿಯೇ ಎರಡು ಹೊಲಿಗೆ ಹಾಕಿ ಕೊಟ್ಟಿರೋರು. ಅಪ್ಪ ಚಾಮರಾಜಪೇಟೆಯ ಒಂದು ಮೂಲೆಯಲ್ಲಿ ಪೆಟ್ಟಿಗೆ ಇಟ್ಕೊಂಡು ಚಪ್ಪಲಿ ರಿಪೇರಿ ಮಾಡ್ತಿದ್ದವರು. ಅವರು ಹೋಗಿ ಆರು ವರ್ಷ ಆಯ್ತು. ಅವ್ವ ಬರಿಗಾಲಲ್ಲಿ ನಡೀತೀನಿ ಅಂತ ಹಟ ಹಿಡಿದಳು. ನಾನು ಬಿಡದೆ ಗಾಂಧಿ ಬಜಾರಿನ ಒಂದು ಅಂಗಡಿಗೆ ಕರ್ಕೊಂಡು ಹೋಗಿ ಒಂದು ಜೊತೆ ಕೊಡಿಸಿದೆ. 420 ರೂಪಾಯಿ.

ಅವ್ವನಿಗೆ ಓದು ಬರಲ್ಲ, ಆದರೆ ಅಂಕಿ ಬರುತ್ತೆ. ಹಾಜರಿ ಪುಸ್ತಕದಲ್ಲಿ ಮೋಸ ಆಗಬಾರದು ಅಂತ ಕಲ್ತಿದ್ದು. ಬಿಲ್ಲು ಹಿಡಿದು ಕೇಳಿದಳು: "ನಾನೂರು ಅಂತ ಬರೆದವ್ನೆ. ಕೆಳಗೆ ಇದೇನು ಹತ್ತು, ಹತ್ತು ಅಂತ ಎರಡು ಸಲ?"

"ಟ್ಯಾಕ್ಸ್ ಅವ್ವ. ಒಂದು ಹತ್ತು ದೆಹಲಿಗೆ, ಇನ್ನೊಂದು ಹತ್ತು ವಿಧಾನಸೌಧಕ್ಕೆ."

"ಓ," ಅಂದಳು. ಬಿಲ್ಲು ಮಡಚಿ ಕುಪ್ಪಸದೊಳಗೆ ಇಟ್ಕೊಂಡಳು.

ಪರಿಷೆ ಅಂತ ಬಸ್ಸು ಸುತ್ತು ಹಾಕ್ತಿದ್ವು. ನ್ಯಾಷನಲ್ ಕಾಲೇಜಿನ ತನಕ ನಡೆದು ಮಾರ್ಕೆಟ್ ಕಡೆ ಹೋಗೋ ಬಸ್ಸು ಹತ್ತಿದ್ವಿ. ಕಂಡಕ್ಟರ್ ನಮ್ಮಿಬ್ಬರಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಟ್ಟ. ಪಕ್ಕದಲ್ಲಿ ಕಡಲೆಕಾಯಿ ಚೀಲ ಹಿಡಿದು ನಿಂತಿದ್ದ ಹಿರಿಯರೊಬ್ಬರು, ನಮಗೆ ಅಂತ ಅಲ್ಲ, ಗಾಳಿಗೆ ಅನ್ನೋ ಹಾಗೆ ಹೇಳಿದರು: "ನಾವು ಟ್ಯಾಕ್ಸ್ ಕಟ್ಟೋದು, ಇವರೆಲ್ಲ ಜುಮ್ ಅಂತ ಓಡಾಡೋದು."

ನಾನು ಸುಮ್ಮನಿರಲಿಲ್ಲ. "ನಾವೂ ಕಟ್ತೀವಿ ಸಾರ್, ಈಗ ತಾನೇ ಇಪ್ಪತ್ತು ರೂಪಾಯಿ ಕಟ್ಟಿ ಬಂದ್ವಿ" ಅಂದೆ.

ಅವರು ನಕ್ಕರು. ಕೆಟ್ಟ ನಗು ಏನಲ್ಲ, ಮಕ್ಕಳ ಮಾತಿಗೆ ನಗ್ತಾರಲ್ಲ ಹಾಗೆ. "ಅದು ಟ್ಯಾಕ್ಸ್ ಅಲ್ಲಮ್ಮ, ಅದು ಎಲ್ಲರೂ ಕೊಡೋದು. ಇನ್‌ಕಮ್ ಟ್ಯಾಕ್ಸ್ ಕಟ್ಟಿದೀರಾ?"

ಬಸ್ಸಲ್ಲಿ ನಾಲ್ಕು ಜನ ನಮ್ಮ ಕಡೆ ತಿರುಗಿ ನೋಡಿದರು. ಅವ್ವ ಮೊಣಕೈಯಲ್ಲಿ ನನ್ನನ್ನ ತಿವಿದಳು. ನಾನು ಬಾಯಿ ಮುಚ್ಚಿದೆ. ಎಲ್ಲರೂ ಕೊಡೋದು ಟ್ಯಾಕ್ಸ್ ಅಲ್ಲ, ಕೆಲವರು ಕೊಡೋದು ಮಾತ್ರ ಟ್ಯಾಕ್ಸು! ಈ ವಾದ ನಮಗೆ ಹೊಸದಲ್ಲ. ಎಲ್ಲರೂ ಮಾಡೋ ಕೆಲಸ ಕೆಲಸ ಅಲ್ಲ, ಎಲ್ಲರೂ ಆಡೋ ಮಾತು ಭಾಷೆ ಅಲ್ಲ ಅಂತ ಕೇಳಿಕೊಂಡೇ ಬೆಳೆದವರು ನಾವು.

ಮನೆಗೆ ಬಂದು ಲೆಕ್ಕ ಹಾಕಿದೆ. ದಯವಿಟ್ಟು ನೀವೂ ಒಂದು ಸಲ ಹಾಕಿ ನೋಡಿ.

ಅವ್ವ ಕೊಟ್ಟ 20 ರೂಪಾಯಿಯಲ್ಲಿ 10 ಎಸ್‌ಜಿಎಸ್‌ಟಿ. ಅದು ನೇರವಾಗಿ ಕರ್ನಾಟಕದ ಖಜಾನೆಗೆ. ಜಿಎಸ್‌ಟಿ ಅನ್ನೋದು ವಸ್ತು ಎಲ್ಲಿ ತಯಾರಾಯ್ತು ಅಂತ ನೋಡಲ್ಲ, ಎಲ್ಲಿ ಮಾರಾಟವಾಗಿ ಬಳಕೆ ಆಯ್ತು ಅಂತ ನೋಡುತ್ತೆ. ಚಪ್ಪಲಿ ಆಗ್ರಾದಿಂದ ಬಂದಿದ್ದರೂ ಸರಿ, ಆ ಹತ್ತು ರೂಪಾಯಿ ಇಲ್ಲಿನದೇ. ಇನ್ನೊಂದು 10 ಸಿಜಿಎಸ್‌ಟಿ, ಅದು ದೆಹಲಿಗೆ ಹೋಗುತ್ತೆ. 15ನೇ ಹಣಕಾಸು ಆಯೋಗದ ಪ್ರಕಾರ ಕೇಂದ್ರ ತಾನು ಹಂಚಿಕೊಳ್ಳಬೇಕಾದ ತೆರಿಗೆಯಲ್ಲಿ 41% ಭಾಗವನ್ನ ಎಲ್ಲ ರಾಜ್ಯಗಳಿಗೆ ಕೊಡಬೇಕು. ಅಂದರೆ ಹತ್ತರಲ್ಲಿ 4 ರೂಪಾಯಿ 10 ಪೈಸೆ. ಆ ನಾಲ್ಕು ಚಿಲ್ಲರೆಯಲ್ಲಿ ಕರ್ನಾಟಕದ ಪಾಲು 2025ರಲ್ಲಿ 3.647%. ಹದಿನೈದು ಪೈಸೆ. (ಲೆಕ್ಕ ಒರಟು, ಒಪ್ತೀನಿ. ಬೇರೆ ರಾಜ್ಯಗಳವರು ಕೊಡೋ ಹತ್ತರಲ್ಲೂ ನಮಗೆ ಹದಿನೈದು ಪೈಸೆ ಬರ್ತಿತ್ತು, ಕೇಂದ್ರ ಉಳಿದ ದುಡ್ಡಲ್ಲಿ ರೈಲು, ಸೈನ್ಯ, ಯೋಜನೆ ಅಂತ ಖರ್ಚೂ ಮಾಡುತ್ತೆ. ಆದರೂ ದುಡ್ಡು ಹರಿಯೋ ದಾರಿ ಇದೇ.)

ಈಗ ಆ ಹಿರಿಯರ ಇನ್‌ಕಮ್ ಟ್ಯಾಕ್ಸಿಗೆ ಬನ್ನಿ. ಆದಾಯ ತೆರಿಗೆ ವಿಧಿಸೋದು, ವಸೂಲಿ ಮಾಡೋದು ಕೇಂದ್ರ. ರಾಜ್ಯಕ್ಕೆ ಅದರಲ್ಲಿ ನೇರ ಪಾಲು ಇಲ್ಲ, ಅದೂ ಮೊದಲು ದೆಹಲಿಯ ಅದೇ ಗಂಗಾಳಕ್ಕೆ ಬಿದ್ದು ಅದೇ ಸೂತ್ರದಲ್ಲೇ ವಾಪಸ್ ಬರಬೇಕು. ಅವರು ಕಟ್ಟಿದ ನೂರು ರೂಪಾಯಿಯಲ್ಲಿ ಕರ್ನಾಟಕಕ್ಕೆ ಆಗ ಬರ್ತಿದ್ದಿದ್ದು ಸುಮಾರು ಒಂದೂವರೆ ರೂಪಾಯಿ. ಅವ್ವ ಕಟ್ಟಿದ ಇಪ್ಪತ್ತರಲ್ಲಿ ಕರ್ನಾಟಕಕ್ಕೆ ಬಂದಿದ್ದು ಹತ್ತು ರೂಪಾಯಿ ಹದಿನೈದು ಪೈಸೆ. ಶಕ್ತಿ ಯೋಜನೆಯ ದುಡ್ಡು ಕೊಡೋದು ರಾಜ್ಯ ಸರ್ಕಾರ. ಹಾಗಾದ್ರೆ ಆ ಬಸ್ಸು ಯಾರ ದುಡ್ಡಲ್ಲಿ ಓಡ್ತಿತ್ತು ಸಾರ್?

ಇದನ್ನ ಅಲ್ಲೇ ಹೇಳಬೇಕಿತ್ತು. ಹೇಳೋಕೆ ಆಗ್ಲಿಲ್ಲ. ಲೆಕ್ಕ ಬಾಯಿಗೆ ಬರೋಷ್ಟರಲ್ಲಿ ಮಾರ್ಕೆಟ್ ಬಂತು.

ಅಪ್ಪನ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಅಪ್ಪನ ಹತ್ರ ಜಿಎಸ್‌ಟಿ ನಂಬರ್ ಇರಲಿಲ್ಲ, ಬೇಕಾಗೂ ಇರಲಿಲ್ಲ. ದಿನಕ್ಕೆ ಮುನ್ನೂರು ರೂಪಾಯಿ ದುಡಿಯೋರಿಗೆ ಏನು ನಂಬರು! ಆದರೆ 2018ರಲ್ಲಿ ಅವರು ಮಾರ್ಕೆಟ್ಟಿನಲ್ಲಿ ತಗೊಳ್ತಿದ್ದ ಗಮ್ಮಿನ ಡಬ್ಬಿ ಮೇಲೆ, ಪಾಲಿಶ್ ಮೇಲೆ 18% ಜಿಎಸ್‌ಟಿ. ಚಿಕ್ಕಪೇಟೆಯ ಸಗಟು ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನ ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ತಾನೆ, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅಂತಾರೆ. ಸರಪಳಿಯ ಕೊನೆಯಲ್ಲಿ ಫುಟ್‌ಪಾತ್ ಮೇಲೆ ಕೂತವನು ಯಾರ ಹತ್ರ ಕಳೆದುಕೊಳ್ಳಬೇಕು? ರಿಪೇರಿಗೆ ಎರಡು ರೂಪಾಯಿ ಜಾಸ್ತಿ ಕೇಳಿದ್ರೆ ಗಿರಾಕಿ ಹೊಸ ಚಪ್ಪಲಿಯೇ ತಗೊಳ್ತೀನಿ ಅಂತಿದ್ದ. ಅಪ್ಪ ಆ ತೆರಿಗೆಯನ್ನ ತಮ್ಮ ಕೂಲಿಯಿಂದಲೇ ಕಟ್ಟಿದರು. ಸರ್ಕಾರದ ಯಾವ ಕಡತದಲ್ಲೂ ಅವರ ಹೆಸರಿನ ಮುಂದೆ ತೆರಿಗೆದಾರ ಅಂತ ಬರೆದಿಲ್ಲ.

ಗೃಹಲಕ್ಷ್ಮಿ ಅರ್ಜಿ ತುಂಬುವಾಗ ಇದೇ ಇನ್ನೊಂದು ರೂಪದಲ್ಲಿ ಬಂತು. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟೋರಾಗಿದ್ರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸೋರಾಗಿದ್ರೆ ಎರಡು ಸಾವಿರ ಇಲ್ಲ. ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ, ಎಲ್ಲೋ ಒಂದು ಗೆರೆ ಎಳೀಲೇಬೇಕು. ಆದರೆ ಕೌಂಟರಿನಲ್ಲಿ ಕೂತ ಹುಡುಗ "ನೀವು ಟ್ಯಾಕ್ಸ್ ಕಟ್ಟಲ್ಲ ಅಲ್ವಾ ಅಜ್ಜಿ?" ಅಂದಾಗ ಅವ್ವ "ಇಲ್ಲಪ್ಪ" ಅಂದಳು. ನಾನೂ ಹೌದು ಅಂತ ತಲೆ ಆಡಿಸಿದೆ.

ಈಗ ದೊಡ್ಡವರ ಜಗಳಕ್ಕೆ ಬರೋಣ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರೋ ತನಕ ಮಾರಾಟ ತೆರಿಗೆ ರಾಜ್ಯಗಳ ಕೈಯಲ್ಲಿತ್ತು. 101ನೇ ತಿದ್ದುಪಡಿಯಲ್ಲಿ ರಾಜ್ಯಗಳು ಅದನ್ನ ಜಿಎಸ್‌ಟಿ ಮಂಡಳಿಗೆ ಒಪ್ಪಿಸಿದವು. ಮಂಡಳಿಯ ಮತ ಹೇಗಿದೆ ಗೊತ್ತಾ? ಕೇಂದ್ರಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯ ಸೇರಿ ಮೂರನೇ ಎರಡು. ತೀರ್ಮಾನ ಆಗೋಕೆ ಮುಕ್ಕಾಲು ಬೇಕು. ಎಲ್ಲ ರಾಜ್ಯ ಒಂದಾದ್ರೂ ಕೇಂದ್ರ ಬೇಡ ಅಂದ್ರೆ ಬೇಡ. ಇದನ್ನ ನಾವು ಬಲ್ಲೆವು. ಪಂಚಾಯ್ತಿ ಕಟ್ಟೆ ಮೇಲೆ ಎಲ್ಲರಿಗೂ ಜಾಗ ಇರುತ್ತೆ, ಯಜಮಾನ ಎದ್ದರೆ ಸಭೆ ಮುಗೀತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಂಡಳಿಯ ಶಿಫಾರಸು ಕೇಂದ್ರವನ್ನಾಗಲೀ ರಾಜ್ಯವನ್ನಾಗಲೀ ಕಟ್ಟಿಹಾಕಲ್ಲ ಅಂತ ಹೇಳಿತು. ಆದರೆ ಒಂಟಿಯಾಗಿ ದಾರಿ ಬಿಟ್ಟು ಹೋಗೋ ಧೈರ್ಯ ಯಾವ ರಾಜ್ಯಕ್ಕೆ ಇದೆ?

ಐದು ವರ್ಷ ವರಮಾನ ವರ್ಷಕ್ಕೆ 14% ಬೆಳೆಯೋ ಹಾಗೆ ನೋಡ್ಕೊಳ್ತೀವಿ, ಕಮ್ಮಿ ಬಿದ್ರೆ ತುಂಬಿ ಕೊಡ್ತೀವಿ ಅಂತ ಮಾತು ಕೊಟ್ಟಿದ್ದರು. 2020ರಲ್ಲಿ ಕೊರೊನಾ ಬಂದಾಗ ಇದು ದೈವಲೀಲೆ ಅಂತ ಕೇಂದ್ರದ ಹಣಕಾಸು ಸಚಿವರು ಹೇಳಿದರು, ಆಮೇಲೆ ಪರಿಹಾರದ ಬಾಕಿಗೆ ಸಾಲ ತೆಗೆದು ಕೊಟ್ಟರು. 2022ರ ಜೂನ್ 30ಕ್ಕೆ ಆ ಐದು ವರ್ಷ ಮುಗೀತು. 2025ರ ಸೆಪ್ಟೆಂಬರ್ 22ರಿಂದ ದರ ಇಳಿಸಿದರು. ಚಪ್ಪಲಿಗೆ ಮೊದಲು ಇದ್ದಿದ್ದು 12%, ಈಗ 5%. ಹಳೇ ದರ ಇದ್ದಿದ್ರೆ ಅವ್ವ 48 ರೂಪಾಯಿ ತೆರಿಗೆ ಕೊಡಬೇಕಿತ್ತು, 28 ರೂಪಾಯಿ ಉಳೀತು. ಅದನ್ನ ಬೇಡ ಅನ್ನೋಕಾಗುತ್ತಾ? ಸಾಬೂನು, ಟೂತ್‌ಪೇಸ್ಟು 18ರಿಂದ 5ಕ್ಕೆ ಬಂತು, ಮಕ್ಕಳ ನೋಟ್‌ಬುಕ್ಕಿಗೆ ತೆರಿಗೆಯೇ ಹೋಯ್ತು. ನಮ್ಮ ಕೇರಿಗೆ ಇದು ಒಳ್ಳೇದೇ. ಆದರೆ ಅದೇ ಚಪ್ಪಲಿಯಲ್ಲಿ ರಾಜ್ಯಕ್ಕೆ 24 ಬರೋ ಕಡೆ 10 ಬಂತು. ವರ್ಷಕ್ಕೆ ಸುಮಾರು 15,000 ಕೋಟಿ ಖೋತಾ ಅಂತ ರಾಜ್ಯ ಸರ್ಕಾರ ಹೇಳ್ತಿದೆ. ಕರ್ನಾಟಕವೂ ಸೇರಿ ಎಂಟು ರಾಜ್ಯಗಳು ಪರಿಹಾರ ಕೇಳಿದವು, ಸಿಗಲಿಲ್ಲ. ಕೇಂದ್ರಕ್ಕೂ ಅಷ್ಟೇ ಕಮ್ಮಿ ಆಯ್ತಲ್ಲ ಅಂತ ಕೇಳ್ತೀರಿ. ಕೇಂದ್ರಕ್ಕೆ ಸೆಸ್ ಇದೆ, ಸರ್ಚಾರ್ಜ್ ಇದೆ. ತೆರಿಗೆಗೆ ಆ ಹೆಸರಿಟ್ಟು ವಸೂಲಿ ಮಾಡಿದ್ರೆ ಅದು ಹಂಚೋ ಗಂಗಾಳಕ್ಕೆ ಬೀಳೋದೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ನೀವು ಕೊಡೋ ಕೇಂದ್ರದ ಪಾಲಿನಲ್ಲಿ ಹೆಚ್ಚಿನದು ಈ ಥರದ್ದೇ.

ಇನ್ನು ಆ 3.647. 14ನೇ ಆಯೋಗದಲ್ಲಿ ಅದು 4.713 ಇತ್ತು. ಯಾಕೆ ಇಳೀತು? ಸೂತ್ರದಲ್ಲಿ 45% ತೂಕ ಇದ್ದಿದ್ದು ರಾಜ್ಯದ ತಲಾ ಆದಾಯ ಎಷ್ಟು ಕೆಳಗಿದೆ ಅನ್ನೋದಕ್ಕೆ. ನಮ್ಮ ರಾಜ್ಯದ ತಲಾ ಆದಾಯ ಮೇಲಿದೆ, ಆದ್ದರಿಂದ ಪಾಲು ಕಮ್ಮಿ. ತಲಾ ಆದಾಯ ಅಂದ್ರೆ ವೈಟ್‌ಫೀಲ್ಡಿನ ಕಂಪನಿಗಳ ಆದಾಯವನ್ನೂ ನಮ್ಮವ್ವನ ಗುಡಿಸುವ ಕೂಲಿಯನ್ನೂ ಕೂಡಿಸಿ ತಲೆಗೆ ಇಷ್ಟು ಅಂತ ಭಾಗಿಸೋದು. ಹಾಗೆ ನಮ್ಮವ್ವ ಹಣಕಾಸು ಆಯೋಗದ ಲೆಕ್ಕದಲ್ಲಿ ಅನುಕೂಲಸ್ಥೆ. ಅವಳಿಗೆ ಇದನ್ನ ಹೇಳಿದೆ. "ಹಂಗಾರೆ ರೇಷನ್ ಕಾರ್ಡ್ ಕಿತ್ಕೊತಾರಾ?" ಅಂತ ಗಾಬರಿಯಾದಳು.

15ನೇ ಆಯೋಗವೇ ಈ ಇಳಿತ ನೋಡಿ ತನ್ನ ಮೊದಲ ವರದಿಯಲ್ಲಿ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂದಿತ್ತು. ಕೇಂದ್ರ ಕೊಡಲಿಲ್ಲ. 2024ರ ಫೆಬ್ರವರಿ 7ರಂದು ನಮ್ಮ ಸರ್ಕಾರವೇ ಜಂತರ್ ಮಂತರಿಗೆ ಹೋಗಿ ಧರಣಿ ಕೂತಿತು. ನನ್ನ ತೆರಿಗೆ ನನ್ನ ಹಕ್ಕು ಅನ್ನೋ ಘೋಷಣೆ. ನಾನೂ ಅದನ್ನ ಈ ಗೋಡೆ ಮೇಲೆ ಹಂಚಿಕೊಂಡಿದ್ದೆ, ನಿಮ್ಮಲ್ಲಿ ಸುಮಾರು ಜನ ಲೈಕ್ ಕೊಟ್ಟಿದ್ರಿ.

ಇವತ್ತು ಆ ಘೋಷಣೆ ಬಗ್ಗೆ ನನಗೆ ಒಂದು ಇರುಸುಮುರುಸು ಇದೆ, ಮುಚ್ಚಿಡಲ್ಲ. ನನ್ನ ತೆರಿಗೆ ನನ್ನ ಹಕ್ಕು ಅಂತ ಬಸ್ಸಲ್ಲಿ ಆ ಹಿರಿಯರೂ ಹೇಳಿದ್ದು ಅಲ್ವಾ? ಜಾಸ್ತಿ ಕಟ್ಟಿದವನಿಗೆ ಜಾಸ್ತಿ ವಾಪಸ್ ಬರಬೇಕು ಅನ್ನೋದೇ ನ್ಯಾಯ ಆದ್ರೆ ಮೀಸಲಾತಿ, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಯಾವುದೂ ನಿಲ್ಲಲ್ಲ. ನಮ್ಮ ತೆರಿಗೆ ತಿಂದು ಬಿಹಾರದವರು ಬದುಕ್ತಿದ್ದಾರೆ ಅಂತ ನಮ್ಮ ಗೆಳೆಯರೇ ಬರೆದಾಗ ನನಗೆ ಕಸಿವಿಸಿ ಆಗುತ್ತೆ. ಬಿಹಾರದಲ್ಲಿ ಇರೋರು ಯಾರು? ಮುಸಹರರು, ಡೋಮರು, ನಮ್ಮವರೇ. ಮಲ್ಲೇಶ್ವರದಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ತಿರೋ ಕಡೆ ಹೋಗಿ ನೋಡಿ, ತಗಡಿನ ಶೆಡ್ಡಿನಲ್ಲಿ ಇರೋ ಹುಡುಗರು ಎಲ್ಲಿಯವರು ಅಂತ ಕೇಳಿ. ಅವರು ಇಲ್ಲಿ ತಗೊಳ್ಳೋ ಸಾಬೂನು, ಚಪ್ಪಲಿ, ಎಲ್ಲದರ ಎಸ್‌ಜಿಎಸ್‌ಟಿ ಕರ್ನಾಟಕಕ್ಕೆ. ಅವರ ಮಕ್ಕಳು ಓದೋದು ಬಿಹಾರದ ಶಾಲೆಯಲ್ಲಿ, ಅವರ ತಾಯಂದಿರಿಗೆ ಔಷಧಿ ಸಿಗಬೇಕಾಗಿರೋದು ಬಿಹಾರದ ಆಸ್ಪತ್ರೆಯಲ್ಲಿ. ಬಳಕೆ ಮೇಲಿನ ತೆರಿಗೆ ಬೆವರು ಸುರಿಸಿದ ಊರಲ್ಲಿ ಉಳಿಯುತ್ತೆ, ಹುಟ್ಟಿದ ಊರಿಗೆ ಹೋಗಲ್ಲ. ಆ ಊರಿಗೆ ದೆಹಲಿಯಿಂದ ಎರಡು ಕಾಸು ಜಾಸ್ತಿ ಹೋದ್ರೆ ಅದು ಭಿಕ್ಷೆ ಅಲ್ಲ. ನನ್ನ ತಕರಾರು ಬಿಹಾರದ ಪಾಲಿನ ಮೇಲೆ ಇಲ್ಲ, ಹಂಚದೆ ಇಟ್ಕೊಂಡಿರೋ ಸೆಸ್ಸಿನ ಮೇಲೆ, ಕೊಟ್ಟು ತಪ್ಪಿದ ಮಾತಿನ ಮೇಲೆ.

ಇದೆಲ್ಲ ದಲಿತ ಚಳವಳಿಗೆ ಯಾಕೆ ಬೇಕು, ನಮಗೆ ನಮ್ಮ ಸಮಸ್ಯೆಗಳೇ ಸಾಕಲ್ವಾ ಅಂತ ಒಬ್ಬ ತಮ್ಮ ಮೆಸೇಜ್ ಮಾಡಿದ್ದ. ಅವನಿಗೆ ಒಂದು ಮಾತು. ಬಾಬಾಸಾಹೇಬರು ಕೊಲಂಬಿಯಾದ ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಯಾವುದು ಗೊತ್ತಾ? ಇದೇ. ಬ್ರಿಟಿಷ್ ಇಂಡಿಯಾದಲ್ಲಿ ಕೇಂದ್ರಕ್ಕೂ ಪ್ರಾಂತ್ಯಗಳಿಗೂ ನಡುವೆ ದುಡ್ಡಿನ ಸಂಬಂಧ ಹೇಗೆ ಬೆಳೀತು ಅನ್ನೋದು. 1925ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂತು, 2025ಕ್ಕೆ ನೂರು ವರ್ಷ. ನಾವು ಯಾರಾದ್ರೂ ಒಂದು ಸಭೆ ಮಾಡಿದ್ವಾ? ನಾನೂ ಮಾಡಿಲ್ಲ. ಜಾತಿ ವಿನಾಶದ ಪುಸ್ತಕ ನಮಗೆ ಬಾಯಿಪಾಠ, ಇದರ ಧೂಳು ಮಾತ್ರ ಹೊಡೆದಿಲ್ಲ. ಇಂಗ್ಲಿಷ್ ಬರಹಗಳ ಆರನೇ ಸಂಪುಟದಲ್ಲಿದೆ, ನನಗೆ ಅರ್ಧ ಅರ್ಥ ಆಗೋಕೆ ಮೂರು ಬೇಸಿಗೆ ಹಿಡೀತು.

ಅದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಇಷ್ಟು. 1833ರ ನಂತರ ತೆರಿಗೆ ಎಲ್ಲ ಕಲ್ಕತ್ತದ ಸರ್ಕಾರದ್ದು, ಖರ್ಚು ಮಾಡೋದು ಪ್ರಾಂತ್ಯಗಳು. ವಸೂಲಿಯ ಕಷ್ಟ ಪ್ರಾಂತ್ಯಕ್ಕೆ ಗೊತ್ತಿಲ್ಲ, ಜನರ ಅಗತ್ಯ ಕೇಂದ್ರಕ್ಕೆ ಗೊತ್ತಿಲ್ಲ. ಯಾರು ಜೋರಾಗಿ ಗಲಾಟೆ ಮಾಡ್ತಾರೋ ಅವರಿಗೆ ಹೆಚ್ಚು ಸಿಗುತ್ತೆ ಅಂತ ಆ ಕಾಲದ ಅಧಿಕಾರಿಗಳೇ ಒಪ್ಪಿಕೊಂಡಿದ್ದರು. ಆಮೇಲೆ 1871ರಿಂದ ಮೊದಲು ಇಡಿಗಂಟು ಕೊಟ್ಟು, ನಂತರ ಕೆಲವು ತೆರಿಗೆ ಬಿಟ್ಟುಕೊಟ್ಟು, ಕೊನೆಗೆ ಪಾಲು ಹಂಚಿಕೊಂಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದಿದ್ದನ್ನ ಅವರು ಅಂಕಿ ಸಮೇತ ಬಿಡಿಸ್ತಾರೆ. ಯಾವ ಹುಡುಗನಿಗೆ ಶಾಲೆಯಲ್ಲಿ ನೀರಿನ ನಲ್ಲಿ ಮುಟ್ಟೋಕೆ ಬಿಟ್ಟಿರಲಿಲ್ಲವೋ ಆ ಹುಡುಗ ಬೆಳೆದು ಕೇಳಿದ ದೊಡ್ಡ ಪ್ರಶ್ನೆಗಳಲ್ಲಿ ಇದು ಒಂದು: ಖಜಾನೆಯ ನಲ್ಲಿ ಯಾರ ಕೈಯಲ್ಲಿದೆ? ಸಂವಿಧಾನದ 280ನೇ ವಿಧಿಯಲ್ಲಿ ಹಣಕಾಸು ಆಯೋಗ ಬಂತು. ಪಾಲು ಕೇಳೋಕೆ ಗಲಾಟೆ ಮಾಡಬೇಕಾಗಬಾರದು, ನಿಯಮ ಇರಬೇಕು ಅನ್ನೋದೇ ಅದರ ಅರ್ಥ ಅಂತ ನಾನು ತಿಳ್ಕೊಂಡಿದೀನಿ.

ಹೇಳಬೇಕಾದ ಅಸಲಿ ವಿಷಯಕ್ಕೆ ಈಗ ಬಂದೆ.

ಹೋದ ತಿಂಗಳು ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಒಕ್ಕೂಟ ವ್ಯವಸ್ಥೆ ಬಗ್ಗೆ ಒಂದು ಸಂಜೆ ಕಾರ್ಯಕ್ರಮ ಇತ್ತು. ಮಾತಾಡಿದವರೆಲ್ಲ ತಿಳಿದವರು, ನಮ್ಮ ಸ್ನೇಹಿತರೇ. 4.713, 3.647, ಸೆಸ್ಸು, ಎಲ್ಲ ಚೆನ್ನಾಗಿ ಹೇಳಿದರು. ಪ್ರಶ್ನೆಗೆ ಅವಕಾಶ ಕೊಟ್ಟಾಗ ನಾನು ಎದ್ದು ಕೇಳಿದೆ: "ದೆಹಲಿಗೆ ಕೇಳ್ತಿರೋ ಇದೇ ಪ್ರಶ್ನೆಯನ್ನ ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡಿನ ವಿಷಯದಲ್ಲಿ ವಿಧಾನಸೌಧಕ್ಕೆ ಕೇಳಬಹುದಾ?" ವೇದಿಕೆ ಮೇಲೆ ಒಬ್ಬರು ಇನ್ನೊಬ್ಬರ ಮುಖ ನೋಡಿಕೊಂಡರು. ಅಧ್ಯಕ್ಷತೆ ವಹಿಸಿದ್ದವರು ತುಂಬಾ ಪ್ರೀತಿಯಿಂದಲೇ ಹೇಳಿದರು, "ಅದು ಬೇರೆ ವಿಷಯ ಅಮ್ಮ. ಈಗ ಅದನ್ನ ಎತ್ತಿದ್ರೆ ದೆಹಲಿ ವಿರುದ್ಧದ ದನಿ ಒಡೆಯುತ್ತೆ." ಮುಂದಿನ ಪ್ರಶ್ನೆಗೆ ಹೋದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯ್ತು ಅಂತ ಬೇಜಾರಾಯ್ತು. ಕೆಳಗೆ ಕಾಫಿ ಕೊಡುವಾಗ ಇಬ್ಬರು ಹತ್ರ ಬಂದು "ಒಳ್ಳೇ ಪ್ರಶ್ನೆ" ಅಂತ ಪಿಸುಗುಟ್ಟಿದರು. ಪಿಸುಗುಟ್ಟಿದರು!

ಬೇರೆ ವಿಷಯ ಹೇಗಾಗುತ್ತೆ ಹೇಳಿ. 2013ರಲ್ಲಿ ಆಂಧ್ರದ ನಂತರ ಕರ್ನಾಟಕ ಕಾಯ್ದೆ ತಂತು. ಯೋಜನೆಗಳಿಗೆ ಹಂಚೋ ಹಣದಲ್ಲಿ ಪರಿಶಿಷ್ಟರ ಜನಸಂಖ್ಯೆಯಷ್ಟು, ಅಂದರೆ 17.15% ಮತ್ತು 6.95%, ಒಟ್ಟು 24.1% ಮೀಸಲಿಡಬೇಕು ಅಂತ. ಕೇಂದ್ರದಲ್ಲಿ ಇವತ್ತಿಗೂ ಇಂಥ ಕಾಯ್ದೆ ಇಲ್ಲ. ಅದನ್ನ ತಂದವರು 2025ರಲ್ಲೂ ಮುಖ್ಯಮಂತ್ರಿಗಳಾಗಿದ್ದವರೇ, ಆ ಋಣ ನಾನು ಮರೆತಿಲ್ಲ. 7(ಡಿ) ಅನ್ನೋ ಕಲಮಿನಲ್ಲಿ ಫ್ಲೈಓವರಿಗೂ ರಸ್ತೆಗೂ ಹಾಕಿದ ದುಡ್ಡನ್ನ ದಲಿತರಿಗೆ ಖರ್ಚಾದಂತೆ ಭಾವಿಸುವ ಅವಕಾಶ ಇತ್ತು. ವರ್ಷಗಟ್ಟಲೆ ಕೂಗಾಡಿದ ಮೇಲೆ 2023ರಲ್ಲಿ ಅದನ್ನ ತೆಗೆದರು, ಅದಕ್ಕೂ ಚಪ್ಪಾಳೆ ತಟ್ಟಿದ್ದೀನಿ. ಆದರೆ 7(ಸಿ) ಉಳೀತು. ಎಲ್ಲರಿಗೂ ಸಲ್ಲೋ ಯೋಜನೆಯಲ್ಲಿ ದಲಿತ ಫಲಾನುಭವಿಗಳ ಪಾಲನ್ನ ಈ ನಿಧಿಯಿಂದ ತೋರಿಸಬಹುದು. ಆ ದಾರಿಯಲ್ಲಿ ಗ್ಯಾರಂಟಿ ಯೋಜನೆಗಳಿಗೆ 2023-24ರಲ್ಲಿ 11,144 ಕೋಟಿ ಹೋಯ್ತು, 2024-25ಕ್ಕೆ 14,282 ಕೋಟಿ ಇಟ್ಟರು. ಆ ವರ್ಷದ ಒಟ್ಟು ನಿಧಿ 39,121 ಕೋಟಿ. ಮೂರನೇ ಒಂದಕ್ಕಿಂತ ಜಾಸ್ತಿ.

ಸರ್ಕಾರದ ಉತ್ತರ ನನಗೆ ಗೊತ್ತು: ಆ ದುಡ್ಡು ದಲಿತ ಹೆಣ್ಣುಮಕ್ಕಳ ಖಾತೆಗೇ ಹೋಗಿದೆ, ಬೇರೆಲ್ಲೂ ಹೋಗಿಲ್ಲ. ನಿಜ. ನಮ್ಮವ್ವನ ಖಾತೆಗೂ ಬಂದಿದೆ. ಆ ಎರಡು ಸಾವಿರದಲ್ಲಿ ಅವಳು ಬಿಪಿ ಮಾತ್ರೆ ತಗೊಳ್ತಾಳೆ, ಮೊಮ್ಮಗಳ ಟ್ಯೂಷನ್ನಿಗೆ ಐನೂರು ಕೊಡ್ತಾಳೆ. ಗ್ಯಾರಂಟಿ ಬೇಡ ಅನ್ನೋಳು ನಾನಲ್ಲ. ಕೇಳ್ತಿರೋದು ಇಷ್ಟೇ. ಬಸವನಗುಡಿಯ ಒಬ್ಬ ಗೃಹಿಣಿಗೂ ಅದೇ ಎರಡು ಸಾವಿರ ಬರುತ್ತೆ, ಅವರದ್ದು ಸಾಮಾನ್ಯ ಖಜಾನೆಯಿಂದ. ನಮ್ಮವ್ವನದ್ದು ಅವಳ ಜನಕ್ಕೆ ಅಂತ ಎತ್ತಿಟ್ಟ ಡಬ್ಬಿಯಿಂದ. ಹಾಗಾದ್ರೆ ಆ ಸಾಮಾನ್ಯ ಖಜಾನೆ ಯಾರದ್ದು? ಅವ್ವನ ಹತ್ತು ರೂಪಾಯಿ ಬಿದ್ದಿದ್ದು ಅಲ್ಲೇ ತಾನೇ? ಕಟ್ಟುವಾಗ ಎಲ್ಲರ ಡಬ್ಬಿಗೆ, ತಗೊಳ್ಳುವಾಗ ಮಾತ್ರ ನಿಮ್ಮ ಡಬ್ಬಿಯಿಂದ. ಆ ಡಬ್ಬಿಯಲ್ಲಿ ಇರಬೇಕಾಗಿದ್ದು ಭೂಮಿ ಖರೀದಿ, ಹಾಸ್ಟೆಲ್ಲು, ಕೊಳವೆಬಾವಿ, ಮನೆ, ಹುಡುಗರ ಸ್ವಂತ ಉದ್ಯೋಗದ ಸಾಲ. ತಿಂಗಳ ಖರ್ಚಿನ ಜೊತೆಗೆ ತಲೆಮಾರು ಬದಲಾಯಿಸೋ ದುಡ್ಡು ಅದು.

ದೆಹಲಿ ತೆರಿಗೆಗೆ ಸೆಸ್ ಅಂತ ಹೆಸರಿಟ್ಟು ಪಾಲು ತಪ್ಪಿಸಿದಾಗ ನಮಗೆ ಸಿಟ್ಟು ಬರುತ್ತೆ. ಇಲ್ಲಿ 7(ಸಿ) ಅಂತ ಹೆಸರಿಟ್ಟರೆ ದನಿ ಒಡೆಯುತ್ತೆ ಅಂತ ಸುಮ್ಮನಿರಬೇಕಾ? ಪಾಲಿನ ಮಾತು ಬಂದಾಗ ಮನೆ ಒಡೆಯುತ್ತೆ ಅಂತ ಯಜಮಾನರು ಯಾವಾಗಲೂ ಹೇಳ್ತಾರೆ. ನಮ್ಮೊಳಗೂ ಇದೇ ಆಗಿತ್ತು, ಅದನ್ನೂ ಹೇಳ್ತೀನಿ. ಒಳಮೀಸಲಾತಿ ಕೇಳಿದಾಗ ದಲಿತ ಒಗ್ಗಟ್ಟು ಒಡೀತೀರಿ ಅಂತ ಮೂವತ್ತು ವರ್ಷ ನಮ್ಮವರನ್ನೇ ಬೈದವರು ನಮ್ಮವರೇ. 2025ರ ಆಗಸ್ಟಿನಲ್ಲಿ ಸಂಪುಟ 6:6:5 ಅಂತ ತೀರ್ಮಾನ ಮಾಡಿತು. ಜಗಳ ಮುಗಿದಿಲ್ಲ, ಅಲೆಮಾರಿಗಳ ಪಾಲಿನ ಅನ್ಯಾಯ ಕಣ್ಣ ಮುಂದೆ ಇದೆ. ಆದರೂ ಪಾಲು ಕೇಳಿದ್ದರಿಂದ ಆಕಾಶ ಬಿದ್ದಿಲ್ಲ.

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳೀಬೇಕು, ಬೇಗ ಹೇಳಿ ಮುಗಿಸ್ತೀನಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆ, ಹೆಸರಲ್ಲೇ ಸುಂಕ. ಒಂದು ಕಾಲದಲ್ಲಿ ಊರೊಳಗೆ ಬರೋ ಸರಕಿಗೆ ಊರೇ ತೆರಿಗೆ ಹಾಕ್ತಿತ್ತು, ಆಕ್ಟ್ರಾಯ್ ಅಂತ. 1979ರಲ್ಲಿ ಅದು ಹೋಗಿ ರಾಜ್ಯದ ಪ್ರವೇಶ ತೆರಿಗೆ ಬಂತು. 2017ರಲ್ಲಿ ಅದೂ ಜಿಎಸ್‌ಟಿಯೊಳಗೆ ಕರಗಿತು. ಜಿಎಸ್‌ಟಿ ಮಂಡಳಿಯಲ್ಲಿ ನಗರಗಳಿಗೆ, ಪಂಚಾಯ್ತಿಗಳಿಗೆ ಕುರ್ಚಿಯೇ ಇಲ್ಲ. ಪರಿಷೆಯ ಸಿಪ್ಪೆ ಗುಡಿಸೋರ ಸಂಬಳ, ಕೈಗವಸು, ಬೂಟು ಬರಬೇಕಾಗಿರೋದು ಆ ಕಡೇ ಮೆಟ್ಟಿಲಿನಿಂದ. ದುಡ್ಡಿಲ್ಲ ಅಂತ ಮೇಲಿನವರು ಅದಕ್ಕಿಂತ ಮೇಲಿನವರ ಕಡೆ ಕೈ ತೋರಿಸ್ತಾರೆ. ಅವ್ವ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸಲ ಬೂಟು ಕಂಡಿದ್ದಾಳೆ, ಅದರಲ್ಲಿ ಎರಡು ಗಂಡಸರ ಅಳತೆಯವು.

ಪರಿಷೆ ಶುರುವಾದ ಆ ಸೋಮವಾರವೇ 16ನೇ ಹಣಕಾಸು ಆಯೋಗ ತನ್ನ ವರದಿಯನ್ನ ರಾಷ್ಟ್ರಪತಿಗಳಿಗೆ ಕೊಟ್ಟಿದೆ. ಮುಂದಿನ ಐದು ವರ್ಷದ ಪಾಲು ಅದರೊಳಗಿದೆ. ಕಮ್ಮಿ ಬಂದ್ರೆ ನಾನು ಎಲ್ಲರ ಜೊತೆ ರಸ್ತೆಗೆ ಬರ್ತೀನಿ. ಜಾಸ್ತಿ ಬಂದ್ರೆ, ಬಂದಿದ್ದರಲ್ಲಿ 24.1% ಎಲ್ಲಿ ಅಂತ ಮಾರನೇ ದಿನವೇ ಕೇಳ್ತೀನಿ. ರಾಜ್ಯ ಬಜೆಟ್‌ಗೆ ಮುಂಚೆ ಇಲಾಖೆಗಳು ಎಸ್‌ಸಿಎಸ್‌ಪಿ ಕ್ರಿಯಾಯೋಜನೆ ಮಾಡ್ತವೆ. ನಿಮ್ಮ ತಾಲ್ಲೂಕಿನದ್ದನ್ನ ಈಗಲೇ ಮಾಹಿತಿ ಹಕ್ಕಿನಲ್ಲಿ ಕೇಳಿ ಇಟ್ಕೊಳ್ಳಿ. ಅರ್ಜಿ ಹೇಗೆ ಬರೀಬೇಕು ಅಂತ ಗೊತ್ತಾಗದಿದ್ರೆ ಕಮೆಂಟಿನಲ್ಲಿ ಹೇಳಿ, ನಮೂನೆ ಕಳಿಸ್ತೀನಿ. ಆ ಸಭಾಂಗಣದ ಗೆಳೆಯರೂ ಇದನ್ನ ಓದ್ತಾರೆ ಅಂತ ಗೊತ್ತು. ಮುಂದಿನ ಸಭೆಗೂ ಬರ್ತೀನಿ, ಮುಂದಿನ ಸಾಲಿನಲ್ಲೇ ಕೂರ್ತೀನಿ.

ಅವ್ವ ಆ ಬಿಲ್ಲನ್ನ ಬ್ಯಾಂಕ್ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದಾಳೆ. ಯಾರಾದ್ರೂ ಕೇಳಿದ್ರೆ ತೋರಿಸೋಕೆ ಅಂದುಕೊಂಡೆ. ಅಲ್ಲವಂತೆ. ಬಲಗಾಲಿಗೆ ಸ್ವಲ್ಪ ಬಿಗಿ ಆಗ್ತಿದೆ, ಬದಲಾಯಿಸೋಕೆ ಹೋದ್ರೆ ಅಂಗಡಿಯವನು ಬಿಲ್ಲು ಕೇಳ್ತಾನೆ ಅಂತ. ಭಾನುವಾರ ಗಾಂಧಿ ಬಜಾರಿಗೆ ಹೋಗಬೇಕು. ಬಸ್ಸಲ್ಲೇ ಹೋಗ್ತೀವಿ.

ಜೈ ಭೀಮ್.